ಫಿಜಿಗೆ ಬಿಸಿನೆಸ್ ಕ್ಲಾಸ್ ಯಾನ: ನಿದ್ರೆಯನ್ನು ಕೊಳ್ಳುವ ಕ್ರಮ

ರಾತ್ರಿಯ ಹತ್ತು ಗಂಟೆಗಳ ಹಾರಾಟದಲ್ಲಿ ಕಾಲು ಚಾಚಿ, ಬೆನ್ನನ್ನು ಸಮತಲದಲ್ಲಿಟ್ಟು ನಿದ್ರಿಸುವ ಅವಕಾಶವೇ ಬಿಸಿನೆಸ್ ಕ್ಲಾಸ್ ಟಿಕೆಟ್ಟಿನ ಸಾರಸರ್ವಸ್ವವೆಂಬುದು ನನ್ನ ದೃಢವಾದ ಅಭಿಪ್ರಾಯ. ಪಿಂಗಾಣಿಯ ತಟ್ಟೆ, ಪಾನೀಯಗಳ ಪಟ್ಟಿ, ಬಿಸಿಯಾದ ಕೈವಸ್ತ್ರ ಇವೆಲ್ಲವೂ ಅದರ ಅಲಂಕಾರಗಳೇ ಹೊರತು ಅದರ ಪ್ರಯೋಜನಗಳಲ್ಲ. ಸಾಮಾನ್ಯ ದರ್ಜೆಯ ಬೆಲೆಯ ಎರಡರಷ್ಟೋ ಮೂರರಷ್ಟೋ, ಒಮ್ಮೊಮ್ಮೆ ಅದಕ್ಕೂ ಮಿಗಿಲಾಗಿಯೋ ಹಣ ತೆತ್ತು ಹೊರಡುವ ಯಾತ್ರಿಕನು ಈ ಒಂದು ವಿಷಯವನ್ನು ಮನಸ್ಸಿನಲ್ಲಿ ಸ್ಥಿರವಾಗಿ ಇಟ್ಟುಕೊಂಡರೆ, ಯಾವ ಘಟ್ಟದಲ್ಲಿ ಹಣ ಸುರಿಯಬೇಕು, ಯಾವ ಘಟ್ಟದಲ್ಲಿ ಕೈ ಬಿಗಿಹಿಡಿಯಬೇಕು, ಯಾವಾಗ ಉಣ್ಣಬೇಕು, ಯಾವಾಗ ಕಣ್ಣು ಮುಚ್ಚಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರವು ತಾನಾಗಿ ದೊರೆಯುತ್ತದೆ. ದಕ್ಷಿಣ ಶಾಂತಸಾಗರದ ಫಿಜಿ ದ್ವೀಪಸಮೂಹಕ್ಕೆ ಬೆಂಗಳೂರಿನಿಂದ ಹೊರಡುವವರನ್ನು ದೃಷ್ಟಿಯಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಕಾಲನಿರ್ಣಯ

ಮುನ್ನೂರಕ್ಕೂ ಮಿಕ್ಕ ದ್ವೀಪಗಳ ಈ ದೇಶದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಸೆಕೆ, ಮಳೆ ಹಾಗೂ ಚಂಡಮಾರುತಗಳ ಕಾಲ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಎಂಬ ಚಂಡಮಾರುತವು ಅಲ್ಲಿ ಮಾಡಿದ ಅನಾಹುತವನ್ನು ಜನ ಇನ್ನೂ ಮರೆತಿಲ್ಲ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಅವಧಿಯು ಶುಷ್ಕವೂ ಹಿತಕರವೂ ಆದದ್ದು. ಆಗ್ನೇಯದಿಂದ ಬೀಸುವ ವಾಣಿಜ್ಯಮಾರುತಗಳು ವಿತಿ ಲೇವು ಎಂಬ ದೊಡ್ಡ ದ್ವೀಪದ ನಡುಬೆಟ್ಟಗಳಿಗೆ ತಾಗಿ ತಮ್ಮ ನೀರನ್ನೆಲ್ಲ ಪೂರ್ವದ ಸುವಾ ನಗರದ ಕಡೆಗೆ ಸುರಿದುಬಿಡುವುದರಿಂದ, ಆಗುಂಬೆಯ ಮಳೆ ಚಿತ್ರದುರ್ಗವನ್ನು ಮುಟ್ಟದಿರುವ ಹಾಗೆ, ಪಶ್ಚಿಮದ ತೀರವೂ ಅದರ ಮುಂದೆ ಹರಡಿರುವ ಮಾಮನೂಥ, ಯಸಾವ ಎಂಬ ದ್ವೀಪಮಾಲೆಗಳೂ ಬಿಸಿಲಿನಿಂದ ಬೆಳಗುತ್ತವೆ. ಕಡಲತೀರದ ವಿಶ್ರಾಂತಿಯನ್ನೇ ಬಯಸಿ ಹೋಗುವವರು ಪಶ್ಚಿಮವನ್ನೇ ಆರಿಸಿಕೊಳ್ಳತಕ್ಕದ್ದು. ಜುಲೈ ತಿಂಗಳಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಶಾಲೆಗಳಿಗೆ ರಜೆ ಬರುವುದರಿಂದ ಕೊಠಡಿಗಳೂ ಆಸನಗಳೂ ದುರ್ಲಭವಾಗುತ್ತವೆ. ಮೇ ಕೊನೆ ಅಥವಾ ಅಕ್ಟೋಬರಿನ ಮೊದಲ ಭಾಗ ನನಗೆ ಹೆಚ್ಚು ಪ್ರಶಸ್ತವೆಂದು ತೋರುತ್ತದೆ.

ಟಿಕೆಟ್ ಕೊಳ್ಳುವಾಗ

ಸಿಂಗಪುರದ ಮೂಲಕ ಹೋಗುವ ಹಾದಿಯು ನಮಗೆ ಸಮೀಪ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿಂದ ಫಿಜಿಯ ಮುಖ್ಯ ವಿಮಾನನಿಲ್ದಾಣವಿರುವ ನಾಂದಿಗೆ ಸುಮಾರು ಹತ್ತು ಗಂಟೆ. ಇಂಗ್ಲಿಷ್ ಬರಹದಲ್ಲಿ ನಾಡಿ ಎಂದು ಕಾಣುವ ಊರು ಇದೇ. ಎರಡು ಘಟ್ಟಗಳಿಗೂ ಮೇಲಿನ ದರ್ಜೆಯನ್ನು ಕೊಳ್ಳಬಲ್ಲವರು ಕೊಳ್ಳಲಿ. ಹಣ ಪರಿಮಿತವಾಗಿದ್ದರೆ ಮೊದಲನೆಯ ಘಟ್ಟದಲ್ಲಿ ಸಾಮಾನ್ಯ ದರ್ಜೆಯೇ ಸಾಕು. ಏಕೆಂದರೆ ಏರುವ, ಇಳಿಯುವ, ಉಣ್ಣುವ ಸಮಯಗಳನ್ನು ಕಳೆದರೆ ಅಲ್ಲಿ ನಿದ್ರೆಗೆ ಉಳಿಯುವುದು ಎರಡು ಮೂರು ಗಂಟೆ ಮಾತ್ರ. ಹಿಂದಿರುಗುವಾಗಲೂ ಇದೇ ವಿವೇಚನೆ: ನಾಂದಿಯಿಂದ ಹೊರಡುವ ವಿಮಾನವು ಹಗಲಿನದಾಗಿದ್ದರೆ ಹಾಸಿಗೆಗಾಗಿ ಅಷ್ಟೊಂದು ಹಣ ತೆರುವುದರಲ್ಲಿ ಅರ್ಥವಿಲ್ಲ. ಸಾಮಾನ್ಯ ದರ್ಜೆಯ ಟಿಕೆಟ್ ಕೊಂಡ ಮೇಲೆ ಹರಾಜಿನ ರೀತಿಯಲ್ಲಿ ಬೆಲೆ ಸೂಚಿಸಿ ಮೇಲಿನ ದರ್ಜೆಯನ್ನು ಪಡೆಯುವ ಪದ್ಧತಿಯೂ ಹಲವು ಸಂಸ್ಥೆಗಳಲ್ಲಿ ಉಂಟು. ಆದರೆ ವೃದ್ಧರನ್ನು ಕರೆದೊಯ್ಯುವವರು ಇಂತಹ ಅನಿಶ್ಚಯಕ್ಕೆ ಒಳಗಾಗಬಾರದು. ಫಿಜಿ ಏರ್‌ವೇಸ್ ಸಂಸ್ಥೆಯು 2025ರಲ್ಲಿ ಒನ್‌ವರ್ಲ್ಡ್ ಕೂಟದ ಪೂರ್ಣ ಸದಸ್ಯತ್ವವನ್ನು ಪಡೆದಿರುವುದರಿಂದ, ಆ ಕೂಟದ ಬೇರೆ ಸಂಸ್ಥೆಗಳಲ್ಲಿ ಸಂಚಯಿಸಿದ ಮೈಲುಗಳನ್ನು ಇಲ್ಲಿ ವ್ಯಯಿಸುವ ದಾರಿಯಿದೆಯೇ ಎಂದು ಮೊದಲೇ ವಿಚಾರಿಸುವುದು ಲಾಭಕರ.

ಇದಕ್ಕಿಂತ ಮುಖ್ಯವಾದ ಎಚ್ಚರವೊಂದುಂಟು. ಎರಡು ಘಟ್ಟಗಳೂ ಒಂದೇ ಪಿಎನ್‌ಆರ್ ಸಂಖ್ಯೆಯಲ್ಲಿ, ಒಂದೇ ಟಿಕೆಟ್ಟಾಗಿ ಇರಬೇಕು. ಅಗ್ಗವೆಂದು ಬೇರೆ ಬೇರೆಯಾಗಿ ಕೊಂಡಲ್ಲಿ, ಮೊದಲನೆಯ ವಿಮಾನ ತಡವಾದರೆ ಎರಡನೆಯ ಸಂಸ್ಥೆಗೆ ನಿಮ್ಮ ವಿಷಯದಲ್ಲಿ ಯಾವ ಹೊಣೆಯೂ ಇರುವುದಿಲ್ಲ. ಅಷ್ಟೇ ಅಲ್ಲದೆ, ಸಿಂಗಪುರದಲ್ಲಿ ಪೆಟ್ಟಿಗೆಗಳನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗಿ ಬಂದರೆ ವಲಸೆಯ ಗಡಿಯನ್ನು ದಾಟಬೇಕಾಗುತ್ತದೆ, ಅದನ್ನು ದಾಟುವುದಕ್ಕೆ ಭಾರತೀಯರಿಗೆ ಅಲ್ಲಿನ ಪ್ರವೇಶಾನುಮತಿ ಬೇಕಾಗುತ್ತದೆ. ಒಂದೇ ಟಿಕೆಟ್ಟಿದ್ದರೆ ನಿಲ್ದಾಣದ ಒಳಗೇ ಇದ್ದು ವಿಮಾನ ಬದಲಿಸಬಹುದು. ಬೆಂಗಳೂರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಚೀಟಿಯ ಮೇಲೆ ನಾಂದಿಯ ಸಂಕೇತವಾದ ‘ಎನ್‌ಎಎನ್’ ಎಂಬ ಅಕ್ಷರಗಳಿವೆಯೇ ಎಂದು ಕಣ್ಣಾರೆ ನೋಡಿಯೇ ಮುಂದೆ ಹೋಗತಕ್ಕದ್ದು. ಫಿಜಿಗೆ ಭಾರತೀಯ ಪಾಸ್‌ಪೋರ್ಟ್ ಉಳ್ಳ ಪ್ರವಾಸಿಗಳು ಮುಂಗಡವಾಗಿ ವೀಸಾ ಪಡೆಯಬೇಕಾಗಿಲ್ಲ. ನಾಂದಿಯಲ್ಲಿಯೇ ನಾಲ್ಕು ತಿಂಗಳವರೆಗಿನ ಸಂದರ್ಶಕರ ಅನುಮತಿ ದೊರೆಯುತ್ತದೆ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ, ಹಿಂದಿರುಗುವ ಟಿಕೆಟ್, ವಸತಿಯ ಪತ್ರ, ಖರ್ಚಿಗೆ ಸಾಲುವಷ್ಟು ಹಣದ ಆಧಾರ ಇಷ್ಟು ಜೊತೆಗಿರಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳಿತು.

ಆಸನದ ಆಯ್ಕೆ

‘ಹಾಸಿಗೆಯಾಗುವ ಆಸನ’ವೆಂದು ಹೇಳುವವರೆಲ್ಲ ಒಂದೇ ವಸ್ತುವನ್ನು ಮಾರುವುದಿಲ್ಲ. ಕೆಲವು ಹಳೆಯ ಆಸನಗಳು ನೇರವಾಗಿ ಚಾಚಿಕೊಂಡರೂ ಇಳಿಜಾರಾಗಿ ನಿಲ್ಲುವುದರಿಂದ ಮಲಗಿದವನು ರಾತ್ರಿಯೆಲ್ಲ ಕೆಳಕ್ಕೆ ಜಾರುತ್ತಿರುತ್ತಾನೆ. ಪೂರ್ಣವಾಗಿ 180 ಡಿಗ್ರಿಗೆ ಚಾಚಿಕೊಂಡು ನೆಲಕ್ಕೆ ಸಮಾನಾಂತರವಾಗುವ ಆಸನವೇ ನಿದ್ರೆಗೆ ಯೋಗ್ಯ. ವಿಮಾನದ ಜಾತಿಯನ್ನೂ ಆಸನಗಳ ನಕ್ಷೆಯನ್ನೂ ಟಿಕೆಟ್ ಕೊಳ್ಳುವ ಮೊದಲೇ ನೋಡಬೇಕು. ಸಾಲಿಗೆ ಒಂದು, ಎರಡು, ಒಂದು ಎಂಬಂತೆ ಹಂಚಿದ್ದರೆ ಪ್ರತಿಯೊಬ್ಬನಿಗೂ ನಡೆದಾಡುವ ಓಣಿಯು ನೇರವಾಗಿ ಸಿಗುತ್ತದೆ. ಎರಡೆರಡರ ಮೂರು ಜೋಡಿಗಳಿದ್ದರೆ ಕಿಟಕಿಯ ಬಳಿ ಮಲಗಿದವನು ಎದ್ದಾಗಲೆಲ್ಲ ಪಕ್ಕದವನನ್ನು ದಾಟಿ ಹೋಗಬೇಕು. ಒಂಟಿಯಾಗಿ ಪಯಣಿಸುವವನಿಗೆ ಅಂತಹ ವಿಮಾನದಲ್ಲಿ ನಡುವಿನ ಜೋಡಿಯ ಆಸನವೇ ಶ್ರೇಷ್ಠ: ಅವನು ಯಾರನ್ನೂ ದಾಟಬೇಕಾಗಿಲ್ಲ, ಅವನನ್ನು ಯಾರೂ ದಾಟುವುದಿಲ್ಲ. ಅಡಿಗೆಯ ಕಟ್ಟೆ, ಶೌಚಾಲಯ, ಶಿಶುಗಳ ತೊಟ್ಟಿಲು ಕಟ್ಟುವ ಗೋಡೆ, ಈ ಮೂರರ ಸಾಮೀಪ್ಯವನ್ನು ಬಿಡಬೇಕು. ಎ350, 787 ಮೊದಲಾದ ಹೊಸ ವಿಮಾನಗಳ ಒಳಗಿನ ವಾಯುಭಾರವು ಸುಮಾರು 6,000 ಅಡಿ ಎತ್ತರದ ಬೆಟ್ಟದ ಮೇಲಿನ ವಾಯುಭಾರಕ್ಕೆ ಸಮನಾಗಿದ್ದು, ಹಳೆಯವುಗಳಲ್ಲಿ ಅದು 8,000 ಅಡಿಯವರೆಗೂ ಹೋಗುವುದುಂಟು. ದಣಿವು, ತಲೆನೋವುಗಳ ಸ್ವಭಾವವಿರುವವರಿಗೆ ಈ ಅಂತರ ಅನುಭವಕ್ಕೆ ಬರುತ್ತದೆ.

ಸಸ್ಯಾಹಾರಿಗಳು ಊಟವನ್ನು ಹೊರಡುವುದಕ್ಕೆ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಮುಂಚಿತವಾಗಿ ಸೂಚಿಸಬೇಕು. ‘ಎವಿಎಂಎಲ್’ ಎಂಬುದು ಭಾರತೀಯ ರೀತಿಯ ಸಸ್ಯಾಹಾರ. ‘ವಿಜೆಎಂಎಲ್’ ಗೆಡ್ಡೆಗೆಣಸುಗಳಿಲ್ಲದ ಜೈನ ಆಹಾರ. ‘ವಿಎಲ್‌ಎಂಎಲ್’ ಎಂದರೆ ಹಾಲಿನ ಜೊತೆಗೆ ಮೊಟ್ಟೆಯೂ ಇರಬಹುದಾದದ್ದು. ಆಕಾಶದಲ್ಲಿ ಅಡಿಗೆ ಮಾಡುವವರಿಲ್ಲವಾದ್ದರಿಂದ ಅಲ್ಲಿ ಕೇಳಿದರೆ ಪ್ರಯೋಜನವಿಲ್ಲ.

ನಿದ್ರೆಯ ಲೆಕ್ಕ

ಫಿಜಿಯ ಗಡಿಯಾರವು ನಮ್ಮದಕ್ಕಿಂತ ಆರೂವರೆ ಗಂಟೆ ಮುಂದೆ. ಅಲ್ಲಿ ನಡುಹಗಲು 12 ಆದಾಗ ಇಲ್ಲಿ ಬೆಳಗಿನ ಜಾವ 5.30. ಸಿಂಗಪುರದಿಂದ ವಿಮಾನ ರಾತ್ರಿ ಹತ್ತಕ್ಕೆ ಹೊರಟಿತೆಂದು ಭಾವಿಸಿದರೆ, ಆಗ ಫಿಜಿಯಲ್ಲಿ ರಾತ್ರಿ ಎರಡು ಗಂಟೆ, ನಮ್ಮ ದೇಹದ ಪಾಲಿಗೆ ಸಂಜೆ ಏಳೂವರೆ. ವಿಮಾನದಲ್ಲಿ ವಿಸ್ತಾರವಾದ ಭೋಜನವನ್ನು ಮುಗಿಸಿ, ಚಲನಚಿತ್ರವೊಂದನ್ನು ನೋಡಿ, ಆಮೇಲೆ ಮಲಗುವೆನೆಂದು ಕುಳಿತವನಿಗೆ ಕಣ್ಣು ಹತ್ತುವ ವೇಳೆಗೆ ಬೆಳಗಿನ ತಿಂಡಿಯ ಗಾಡಿ ಬಂದು ನಿಲ್ಲುತ್ತದೆ. ಆದಕಾರಣ ಊಟವನ್ನು ಸಿಂಗಪುರದ ವಿಶ್ರಾಂತಿಗೃಹದಲ್ಲಿಯೇ ಮಿತವಾಗಿ ಮುಗಿಸತಕ್ಕದ್ದು. ಬಿಸಿನೆಸ್ ಕ್ಲಾಸ್ ಟಿಕೆಟ್ಟಿಗೆ ಸಾಮಾನ್ಯವಾಗಿ ಆ ಗೃಹದ ಪ್ರವೇಶವೂ ಸೇರಿರುತ್ತದೆ, ಸ್ನಾನದ ಅನುಕೂಲವಿದ್ದರೆ ಅದನ್ನೂ ಉಪಯೋಗಿಸಿಕೊಳ್ಳಬೇಕು. ಆ ದಿನದ ಮಧ್ಯಾಹ್ನದಿಂದಲೇ ಕಾಫಿಯನ್ನು ಬಿಡಬೇಕು, ನಮ್ಮವರಿಗೆ ಇದು ಕಠಿಣವೆಂಬುದು ನಿಜವಾದರೂ. ವಿಮಾನವೇರಿದೊಡನೆ ಸಡಿಲವಾದ ಹತ್ತಿಯ ಉಡುಪನ್ನು ತೊಟ್ಟು, ಊಟಕ್ಕೆ ಎಬ್ಬಿಸಬೇಡಿರೆಂದು ಪರಿಚಾರಕರಿಗೆ ತಿಳಿಸಿ, ಹಾಸಿಗೆಯನ್ನು ಹಾಸಿಸಿಕೊಂಡು, ಸೊಂಟಪಟ್ಟಿಯನ್ನು ಹೊದಿಕೆಯ ಮೇಲೆ ಕಾಣುವಂತೆ ಬಿಗಿದುಕೊಳ್ಳಬೇಕು. ವಿಮಾನ ಅಲುಗಿದಾಗ ಪಟ್ಟಿಯನ್ನು ಪರೀಕ್ಷಿಸಲು ಬರುವವರು ನಿಮ್ಮನ್ನು ಎಚ್ಚರಿಸದೆ ಮುಂದೆ ಹೋಗುತ್ತಾರೆ. ಒಳಗಿನ ಗಾಳಿಯ ತೇವಾಂಶ ಶೇಕಡ 20ಕ್ಕಿಂತಲೂ ಕಡಮೆಯಾಗಿರುವುದು ಸಾಮಾನ್ಯ: ಕಣ್ಣಿನ ಲೆನ್ಸುಗಳನ್ನು ತೆಗೆದಿಡುವುದು, ನೀರನ್ನು ಆಗಾಗ ಗುಟುಕರಿಸುವುದು, ಮದ್ಯವನ್ನು ದೂರವಿಡುವುದು ಇವು ಈ ಒಣಹವೆಗೆ ಉಪಾಯಗಳು. ಮಲಗಿದ್ದರೂ ದೀರ್ಘಕಾಲದ ನಿಶ್ಚಲತೆಯಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸಂಪೂರ್ಣವಾಗಿ ತಪ್ಪುವುದಿಲ್ಲ. ಎಚ್ಚರವಾದಾಗ ಓಣಿಯಲ್ಲಿ ಎರಡು ಸುತ್ತು ನಡೆಯಬೇಕು, ಈ ಹಿಂದೆ ಅಂತಹ ತೊಂದರೆ ಇದ್ದವರು ವೈದ್ಯರ ಸಲಹೆ ಪಡೆದೇ ಹೊರಡಬೇಕು.

ಇಳಿದ ಮೇಲಿನ ಬಿಸಿಲಿನ ವಿಷಯದಲ್ಲಿ ಬಹುಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಹೊಸ ಊರಿನಲ್ಲಿ ಸೂರ್ಯೋದಯದ ಬೆಳಕಿಗೆ ಮೈಯೊಡ್ಡಿದರೆ ದೇಹದ ಗಡಿಯಾರ ಬೇಗ ಹೊಂದಿಕೊಳ್ಳುವುದೆಂದು ಹೇಳುತ್ತಾರೆ. ಪೂರ್ವಕ್ಕೆ ಇಷ್ಟು ದೂರ ಹೋದವನಿಗೆ ಮೊದಲನೆಯ ದಿನ ಇದು ವಿಪರೀತ ಫಲವನ್ನೇ ಕೊಡಬಹುದು. ದೇಹದ ಉಷ್ಣತೆಯು ಅತ್ಯಂತ ಕೆಳಗಿಳಿಯುವುದು ನಾವು ರೂಢಿಯಾಗಿ ಏಳುವುದಕ್ಕೆ ಎರಡು ಮೂರು ಗಂಟೆ ಮುಂಚೆ, ಎಂದರೆ ನಮ್ಮ ಊರಿನ ನಾಲ್ಕು ಗಂಟೆಯ ಸುಮಾರಿಗೆ, ಫಿಜಿಯ ಲೆಕ್ಕದಲ್ಲಿ ಹತ್ತೂವರೆಗೆ. ಆ ಘಳಿಗೆಯ ಮುನ್ನ ಬೀಳುವ ಬೆಳಕು ಗಡಿಯಾರವನ್ನು ಹಿಂದಕ್ಕೂ, ಅನಂತರ ಬೀಳುವ ಬೆಳಕು ಮುಂದಕ್ಕೂ ತಳ್ಳುತ್ತದೆ. ನಮಗೆ ಬೇಕಾದುದು ಮುಂದಕ್ಕೆ. ನಡುಹಗಲಿನಲ್ಲಿ ಇಳಿದವನು ಆ ದಿನ ನಿಶ್ಚಿಂತೆಯಿಂದ ಬಯಲಿನಲ್ಲಿರಬಹುದು. ಮರುದಿನ ಬೆಳಗ್ಗೆ ಒಂಬತ್ತು ಒಂಬತ್ತೂವರೆಯವರೆಗೆ ನೆರಳಿನಲ್ಲಿ, ಕಪ್ಪು ಕನ್ನಡಕದೊಂದಿಗೆ ಇದ್ದು ಆಮೇಲೆ ಬಿಸಿಲಿಗೆ ಬರಲಿ. ದಿನಕ್ಕೊಂದು ಗಂಟೆಯಷ್ಟು ಈ ಮೇರೆಯನ್ನು ಹಿಂದಕ್ಕೆ ಸರಿಸುತ್ತ ಹೋಗಲಿ.

ನಾಂದಿಯಲ್ಲಿ ಇಳಿದಾಗ

ದ್ವೀಪರಾಷ್ಟ್ರದ ಕೃಷಿಯನ್ನು ಹೊರಗಿನ ಕೀಟರೋಗಗಳಿಂದ ಕಾಯುವ ಜೈವಿಕ ಸುರಕ್ಷತೆಯ ತಪಾಸಣೆ ಅಲ್ಲಿ ಬಹಳ ಕಟ್ಟುನಿಟ್ಟು. ಹಸಿ ಹಣ್ಣು, ಕರಿಬೇವು, ಬೀಜ, ಹೂವು ಇವುಗಳನ್ನು ಒಯ್ಯಲೇಬಾರದು; ಚಟ್ನಿಪುಡಿ, ಉಪ್ಪಿನಕಾಯಿ ಮೊದಲಾದವುಗಳನ್ನು ಒಯ್ದರೆ ಆಗಮನದ ಪತ್ರದಲ್ಲಿ ತಪ್ಪದೆ ಘೋಷಿಸಬೇಕು. ಘೋಷಿಸಿದ ವಸ್ತುವನ್ನು ಅವರು ತೆಗೆದುಕೊಂಡಾರು, ಆದರೆ ಬಚ್ಚಿಟ್ಟ ವಸ್ತು ದಂಡಕ್ಕೆ ದಾರಿ.

ದೆನಾರಾವ್ ಬಂದರು ನಿಲ್ದಾಣದಿಂದ ದೂರವಿಲ್ಲ. ಮಾಮನೂಥ, ಯಸಾವಗಳ ಹಡಗುಗಳು ಅಲ್ಲಿಂದಲೇ ಹೊರಡುತ್ತವೆ. ಕೊನೆಯ ಹಡಗಿನ ವೇಳೆಯನ್ನು ವಿಮಾನದ ವೇಳೆಯೊಡನೆ ಹೋಲಿಸಿ ನೋಡದೆ ದ್ವೀಪದ ವಸತಿಯನ್ನು ಗೊತ್ತುಮಾಡಬಾರದು. ಅಂತರ ಕಡಮೆಯಿದ್ದರೆ ಮೊದಲ ರಾತ್ರಿಯನ್ನು ನಾಂದಿಯಲ್ಲಿ ಕಳೆಯುವುದೇ ವಿವೇಕ. ಪುಟ್ಟ ವಿಮಾನಗಳಲ್ಲಿ ದ್ವೀಪಕ್ಕೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಬಿಸಿನೆಸ್ ಕ್ಲಾಸಿನ ಉದಾರವಾದ ತೂಕದ ಮಿತಿಯು ಅಲ್ಲಿ ನಡೆಯುವುದಿಲ್ಲ, ಸಾಮಾನ್ಯವಾಗಿ 15ರಿಂದ 20 ಕಿಲೋಗಳಲ್ಲಿ ಎಲ್ಲವೂ ಅಡಗಬೇಕು. ವಿದ್ಯುತ್ ಸಂಪರ್ಕಕ್ಕೆ ಆಸ್ಟ್ರೇಲಿಯದ ಮಾದರಿಯ, ಓರೆಯಾದ ಕಡ್ಡಿಗಳ ಪ್ಲಗ್ ಬೇಕು. ಅಲ್ಲಿ ಮಲೇರಿಯ ಇಲ್ಲ; ಡೆಂಗಿ ಉಂಟು, ಆದ್ದರಿಂದ ಸೊಳ್ಳೆ ಓಡಿಸುವ ಲೇಪನವನ್ನು ಮರೆಯಬಾರದು.

ನಾಂದಿಯಲ್ಲಿ ಒಂದು ಹಗಲನ್ನಾದರೂ ಉಳಿಸಿಕೊಳ್ಳಿರೆಂದು ನಾನು ಒತ್ತಾಯದಿಂದ ಹೇಳುತ್ತೇನೆ, ಏಕೆಂದರೆ ಕಡಲತೀರದ ಹೋಟೆಲಿನ ಅಂಗಳವನ್ನೇ ಫಿಜಿಯೆಂದು ತಿಳಿದು ಮರಳುವುದು ಭಾರತೀಯನಾದವನಿಗೆ ಶೋಭಿಸುವುದಿಲ್ಲ. 1879ರ ಮಾರ್ಚಿನಲ್ಲಿ ಕಲ್ಕತ್ತೆಯಿಂದ ಹೊರಟ ಲಿಯೊನಿಡಾಸ್ ಎಂಬ ಹಡಗು ಮೇ 14ರಂದು ಫಿಜಿಯನ್ನು ತಲುಪಿತು. ಅಂದಿನಿಂದ 1916ರವರೆಗೆ ಸುಮಾರು 60,000 ಮಂದಿ ಕಬ್ಬಿನ ತೋಟಗಳ ಕೂಲಿಗಾಗಿ ‘ಗಿರ್ಮಿಟ್’ ಕರಾರಿಗೆ ಹೆಬ್ಬೆಟ್ಟೊತ್ತಿ ಹಡಗುಗಳ ಅಡಿಯಂತಸ್ತಿನಲ್ಲಿ ಒತ್ತಾಗಿ ಮಲಗಿ ಆ ಸಾಗರವನ್ನು ದಾಟಿದರು. 1903ರಿಂದ ಮದರಾಸಿನ ಬಂದರಿನಿಂದಲೂ ದಕ್ಷಿಣದವರು ಹೋದರು. ಈ ದಕ್ಷಿಣದವರ ಸಮುದಾಯವು 1926ರಲ್ಲಿ ಸ್ಥಾಪಿಸಿದ ‘ತೆನ್ ಇಂಡಿಯ ಸನ್ಮಾರ್ಗ ಐಕ್ಯ ಸಂಗಮ್’ ಇಂದಿಗೂ ಶಾಲೆಗಳನ್ನು ನಡೆಸುತ್ತಿದೆ. ನಾಂದಿಯ ಮುಖ್ಯ ಬೀದಿಯ ಕೊನೆಯಲ್ಲಿ ದ್ರಾವಿಡ ಶೈಲಿಯ ಗೋಪುರವನ್ನು ಎತ್ತಿ ನಿಂತಿರುವ ಶ್ರೀ ಶಿವ ಸುಬ್ರಹ್ಮಣ್ಯ ದೇವಾಲಯಕ್ಕೆ ಮೈ ಮುಚ್ಚುವ ಉಡುಪಿನಲ್ಲಿ, ಪಾದರಕ್ಷೆ ಕಳಚಿ ಹೋಗಬೇಕು. ಗರ್ಭಗುಡಿಯ ಪ್ರದೇಶದಲ್ಲಿ ಛಾಯಾಚಿತ್ರ ತೆಗೆಯಬಾರದು. ಹಿಂದಿ ಬಲ್ಲವರಿಗೆ ಅಲ್ಲಿನ ಫಿಜಿ ಹಿಂದಿ ಸ್ವಲ್ಪ ಹೊತ್ತಿನಲ್ಲಿಯೇ ಕಿವಿಗೆ ಒಗ್ಗುತ್ತದೆ. ಅಜ್ಜಿಯಿಂದ ಕೇಳಿದ ಕಥೆಗಳನ್ನು ಹೇಳುವ ಹಿರಿಯರು ಸಿಕ್ಕಿದರೆ ಅವರೊಡನೆ ಕುಳಿತು ಕೇಳಿರಿ.

ಮೂಲನಿವಾಸಿಗಳ ಹಳ್ಳಿಗೆ ಹೋಗುವವರು ನಾಂದಿಯ ಮಾರುಕಟ್ಟೆಯಲ್ಲಿ ಕಾವಾ ಎಂಬ ಗಿಡದ ಬೇರಿನ ಕಟ್ಟೊಂದನ್ನು ಕೊಂಡೊಯ್ದು ಹಳ್ಳಿಯ ಮುಖ್ಯಸ್ಥನಿಗೆ ಅರ್ಪಿಸುವುದು ಆ ನಾಡಿನ ಶಿಷ್ಟಾಚಾರ. ಹಳ್ಳಿಯಲ್ಲಿ ಟೋಪಿ ಧರಿಸಬಾರದು, ಭುಜ ಮೊಣಕಾಲುಗಳನ್ನು ಮುಚ್ಚಿಕೊಳ್ಳಬೇಕು, ಮಕ್ಕಳದಾದರೂ ಸರಿಯೇ ತಲೆಯನ್ನು ಮುಟ್ಟಬಾರದು. ಭಾನುವಾರ ಅವರಿಗೆ ಪ್ರಾರ್ಥನೆಯ ದಿನ. ಅಂದು ಹೋಗದಿರುವುದು ಉಚಿತ.

ಮರಳುವ ಮುನ್ನ

ಹವಳದ ದಿಬ್ಬಗಳ ನಡುವೆ ಸಿಲಿಂಡರ್ ಧರಿಸಿ ಆಳಕ್ಕೆ ಇಳಿಯುವವರು, ಕಡೆಯ ಮುಳುಗಿಗೂ ವಿಮಾನ ಹೊರಡುವುದಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡುವಿರುವಂತೆ ನೋಡಿಕೊಳ್ಳಬೇಕು. ರಕ್ತದಲ್ಲಿ ಕರಗಿದ ನೈಟ್ರೋಜನ್ ಕಡಮೆ ಒತ್ತಡದ ಗಾಳಿಯಲ್ಲಿ ಗುಳ್ಳೆಗಳಾಗಿ ಹೊರಬಂದರೆ ಪ್ರಾಣಾಪಾಯವೂ ಉಂಟು. ದೂರದ ದ್ವೀಪದಲ್ಲಿರುವವರು ಹೊರಡುವ ಹಿಂದಿನ ದಿನವೇ ನಾಂದಿಗೆ ಮರಳಿದರೆ ಈ ನಿಯಮವೂ ಪಾಲನೆಯಾಗುತ್ತದೆ, ಕಡಲು ಕದಡಿ ಹಡಗು ನಿಂತರೂ ವಿಮಾನ ತಪ್ಪುವುದಿಲ್ಲ. ಮರಳಿನಲ್ಲಿ ಬಿದ್ದಿತ್ತೆಂದು ಹವಳದ ತುಂಡನ್ನಾಗಲಿ, ದೈತ್ಯ ಕಪ್ಪೆಚಿಪ್ಪನ್ನಾಗಲಿ ಪೆಟ್ಟಿಗೆಗೆ ಹಾಕಿಕೊಳ್ಳಬೇಡಿ. ಅವುಗಳನ್ನೂ, ಅಲ್ಲಿ ಪೂಜ್ಯವೆನಿಸಿದ ತಬುವಾ ಎಂಬ ತಿಮಿಂಗಿಲದಂತವನ್ನೂ ದೇಶದಿಂದ ಹೊರಗೆ ಒಯ್ಯುವುದಕ್ಕೆ ಅಂತಾರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಅನುಮತಿಪತ್ರ ಬೇಕು, ಅದನ್ನು ನಾಂದಿಯಲ್ಲಿಯೂ ಕೇಳುತ್ತಾರೆ, ಬೆಂಗಳೂರಿನ ಸುಂಕದ ಕಟ್ಟೆಯಲ್ಲಿಯೂ ಕೇಳಬಹುದು.