‘ದಡ್ಡ’ ಎನ್ನುವ ಮೊದಲು ನೋಡಬೇಕಾದ್ದು

ಜೂನ್‌ನಲ್ಲಿ ಬಾಗಿಲು ತೆರೆದ ಸರ್ಕಾರಿ ಶಾಲೆಗಳಲ್ಲಿ ಮೊದಲು ನಡೆಯುವುದು ಸೇತುಬಂಧ. ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ಅಳೆಯುವ ಪೂರ್ವ ಪರೀಕ್ಷೆ, ಬಿಟ್ಟುಹೋದದ್ದರ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. ಈ ಎರಡು ಪರೀಕ್ಷೆಗಳ ನಡುವೆ ಮಗು ಎಷ್ಟು ಮುಂದೆ ಬಂತು ಎಂದು ಪಾಲಕರು ಕೇಳಲಿ. ಅಂಕಪಟ್ಟಿಗಿಂತ ಇದೇ ಹೆಚ್ಚು ಹೇಳುತ್ತದೆ. ಸಂಕೋಚ ಬೇಡ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅರಿತು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಕೊಡುವುದು, ಪಾಲಕರಿಗೆ ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಆಮೇಲೆ ಕಣ್ಣು, ಕಿವಿ. ಬೋರ್ಡು ಕಾಣದ ಮಗು ಪಕ್ಕದವರ ಪಟ್ಟಿ ನೋಡಿ ಬರೆಯುತ್ತದೆ, ಬೈಸಿಕೊಳ್ಳುತ್ತದೆ.

ಮನೆಮಾತನ್ನೂ ಗಮನಿಸಬೇಕು. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳನ್ನು ನಂಬಿ ಬೆಳೆದ ಭದ್ರಾವತಿಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಕುಟುಂಬಗಳು ಬಹಳ. ಅಂಥ ಮಗು ಕನ್ನಡದಲ್ಲಿ ತಡವರಿಸಿದರೆ ಅದು ನ್ಯೂನತೆಯಲ್ಲ. ಅದಕ್ಕೆ ಬೇಕಾದ್ದು ಮಾತಾಡುವ ಅವಕಾಶ, ಇನ್ನಷ್ಟು ಸಮಯ.

ಇದೆಲ್ಲ ಸರಿಯಿದ್ದೂ ಓದು ಹತ್ತದಿದ್ದರೆ? ಊರ ಹೆಸರನ್ನೇ ಬರೆಯಿಸಿ ನೋಡಬಹುದು. ‘ಶಿವಮೊಗ್ಗ’ದಲ್ಲಿ ಸಜಾತಿ ಒತ್ತಕ್ಷರ, ‘ಭದ್ರಾವತಿ’ಯಲ್ಲಿ ಮಹಾಪ್ರಾಣ, ವಿಜಾತಿ ಒತ್ತಕ್ಷರ, ದೀರ್ಘ ಎಲ್ಲವೂ ಇವೆ. ಒಂದು ದಿನದ ತಪ್ಪು ಏನನ್ನೂ ಸಾಬೀತು ಮಾಡದು. ತಿಂಗಳುಗಟ್ಟಲೆ ಹೇಳಿಕೊಟ್ಟ ಮೇಲೂ ಅದೇ ತಪ್ಪುಗಳು ಉಳಿದರೆ, ಬಾಯಲ್ಲಿ ಚುರುಕಾಗಿ ಉತ್ತರಿಸುವ ಮಗು ಬರವಣಿಗೆಯಲ್ಲಿ ಕುಸಿದರೆ, ಶಿಕ್ಷಕರು ದಿನಾಂಕ ಹಾಕಿ ಮಾದರಿಗಳನ್ನು ತೆಗೆದಿಡಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ, ಓದು-ಬರಹದ ಇಂಥ ತೊಡಕಿಗೆ ಕಾರಣವಾಗಬಲ್ಲ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಕೇಂದ್ರದ ಮಾರ್ಗಸೂಚಿ ಪ್ರಕಾರ ಮೂರನೇ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ, ಶಾಲೆಯೇ ಪ್ರಾಥಮಿಕ ತಪಾಸಣೆ ಮಾಡಬೇಕು. ಖಾಸಗಿ ಶಾಲೆಗಳಿಗೂ ಇದು ಅನ್ವಯ. ಅನುಮಾನವಿದ್ದರೆ ಮಕ್ಕಳ ವೈದ್ಯರು, ಬಳಿಕ ಮನಃಶಾಸ್ತ್ರಜ್ಞರ ಪರೀಕ್ಷೆ. ಶಿವಮೊಗ್ಗ, ಭದ್ರಾವತಿ ಭಾಗದವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ಆರಂಭಿಸಬಹುದು. ಶಾಲೆಯ ಪತ್ರ, ಬರವಣಿಗೆಯ ಮಾದರಿಗಳು ಜೊತೆಗಿರಲಿ.

ಇತ್ತ ತರಗತಿಯ ನೆರವು ವರದಿಗಾಗಿ ಕಾಯಬಾರದು. ಮುಂದಿನ ಬೆಂಚು, ಚಿಕ್ಕ ಚಿಕ್ಕ ಸೂಚನೆ, ಕೆಲವು ಉತ್ತರ ಬಾಯಲ್ಲೇ. ಎಲ್ಲರೆದುರು ಗಟ್ಟಿಯಾಗಿ ಓದಿಸುವ ಶಿಕ್ಷೆಯಂತೂ ಬೇಡವೇ ಬೇಡ, ಅದು ಶಾಲೆಯನ್ನೇ ದ್ವೇಷಿಸುವಂತೆ ಮಾಡುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಅಥವಾ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಕೇಳಿದರೆ ತಾಲ್ಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರ ಸಂಪರ್ಕ ಸಿಗುತ್ತದೆ.

ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗೆ ಪ್ರಮಾಣಪತ್ರ ಬೇಕು, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಮುಖ್ಯ ಶಿಕ್ಷಕರನ್ನು ಕಂಡರೆ ಪರೀಕ್ಷೆಯ ಹೊತ್ತಿಗೆ ಓಡಾಟ ತಪ್ಪುತ್ತದೆ.