ಮೈನಸ್ 30ರಲ್ಲಿ ಡ್ಯಾಶ್ ಕ್ಯಾಮ್



ತಮ್ಮಾ, ಡ್ಯಾಶ್ ಕ್ಯಾಮ್ ಕೊಳ್ಳುವಾಗ ಚಿತ್ರ ಎಷ್ಟು ಸ್ಪಷ್ಟ ಅಂತ ವಾರಗಟ್ಟಲೆ ವಿಚಾರಿಸುತ್ತೀಯ. ಅದಕ್ಕೆ ಕರೆಂಟು ಎಲ್ಲಿಂದ ಅಂತ ಕೇಳುವುದಿಲ್ಲ. ಕೆನಡಾದ ವಿನ್ನಿಪೆಗ್‌ನಲ್ಲಿ ಇದ್ದುಕೊಂಡು ಹೀಗೆ ಮಾಡಿದರೆ ಸಿಟ್ಟೇ ಬರುತ್ತದೆ. ನಮ್ಮ ಹಾನಗಲ್ಲ, ಸವಣೂರಿನ ಕಡೆ ಕ್ಯಾಮೆರಾದ ಶತ್ರು ಏಪ್ರಿಲ್ ಬಿಸಿಲು. ಚಳಿಗೆ ಹೆದರಿ ಬ್ಯಾಟರಿಯ ಲೆಕ್ಕ ಹಾಕಿದವರು ನಮ್ಮಲ್ಲಿಲ್ಲ. ನಮ್ಮ ತಲೆಮಾರಿಗೆ ಬ್ಯಾಟರಿ ಅಂದರೆ ಟ್ರ್ಯಾಕ್ಟರಿನದು. ಡಿಸ್ಟಿಲ್ಡ್ ವಾಟರ್ ಹಾಕುತ್ತ ವರ್ಷಗಟ್ಟಲೆ ದೂಡುವುದು. ಶಕ್ತಿ ಕುಂದಿದರೆ ಹಿರೇಕೆರೂರಿನ ಹಳ್ಳಿಗಳಲ್ಲಿ ರಾತ್ರಿ ಇಳಿಜಾರಿಗೆ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಚಾಲೂ ಮಾಡುವುದು. ಶಿಗ್ಗಾಂವಿಯ ಹೆದ್ದಾರಿಯಲ್ಲಿ ಕಾರು ನಿಂತರೂ ನಾಲ್ಕು ಜನ ನೂಕಿದರೆ ಮುಗಿಯಿತು. ಆ ಧೈರ್ಯ ವಿನ್ನಿಪೆಗ್‌ನಲ್ಲಿ ನಡೆಯದು. ಆಟೊಮ್ಯಾಟಿಕ್ ಗೇರಿನ ಕಾರು ನೂಕಿದರೆ ಚಾಲೂ ಆಗುವುದಿಲ್ಲ, ಮೈನಸ್ 30ರ ಬೆಳಗಿನಲ್ಲಿ ನೂಕುವವರೂ ಸಿಗುವುದಿಲ್ಲ.

ಲಿಥಿಯಂ ಬ್ಯಾಟರಿಯ ಕ್ಯಾಮೆರಾ ಬೇಡ. ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗಿನ ಗ್ರಾಫೈಟಿನ ಮೇಲೆ ಲೋಹವಾಗಿ ಕೂರುತ್ತದೆ, ಆ ಹಾನಿ ಮರಳಿ ಸರಿಹೋಗದು. ಸೂಪರ್ ಕೆಪಾಸಿಟರ್ ಇರುವುದನ್ನು ತಗೋ. ಅದು ಹಿಡಿದಿಡುವುದು ಕೆಲವು ಸೆಕೆಂಡುಗಳ ಕರೆಂಟನ್ನು, ಕೊನೆಯ ಫೈಲ್ ಉಳಿಸಲು ಅಷ್ಟೇ ಸಾಕು. ಹಾಗಾದರೆ ನಿಲ್ಲಿಸಿದ ಕಾರಿಗೆ ಯಾರಾದರೂ ಗುದ್ದಿದರೆ ಎನ್ನುತ್ತೀಯ. ಎರಡೂ ಕಡೆ ನ್ಯಾಯವಾಗಿಯೇ ತೂಗೋಣ. ನಾಲ್ಕು ವಾಟಿನ ಕ್ಯಾಮೆರಾ ಕಾರಿನ ಬ್ಯಾಟರಿಯಿಂದಲೇ ಶನಿವಾರ, ಭಾನುವಾರ ಎರಡೂ ದಿನ ಓಡಿದರೆ 16 ಆಂಪಿಯರ್-ಅವರ್ ತಿನ್ನುತ್ತದೆ, 60ರ ಬ್ಯಾಟರಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಮೈನಸ್ 18ರಲ್ಲಿ ಆ ಬ್ಯಾಟರಿಯ ಬಲವೇ ಹೆಚ್ಚುಕಡಿಮೆ ಅರ್ಧ. ಆಯಿಲ್ ಗಟ್ಟಿಯಾದ ಎಂಜಿನ್ನಿಗೆ ಬೇಕಾದದ್ದೋ ಇನ್ನೂ ಜಾಸ್ತಿ. ಹತ್ತು ನಿಮಿಷದ ಓಡಾಟದಲ್ಲಿ ಕಳೆದದ್ದು ತುಂಬುವುದಿಲ್ಲ. ವೋಲ್ಟೇಜ್ ಇಳಿದಾಗ ಕ್ಯಾಮೆರಾ ಆರಿಸುವ ಕಟ್-ಆಫ್ ಇದೆಯಲ್ಲ ಎಂದರೆ, 12 ವೋಲ್ಟಿಗೆ ಇಟ್ಟ ಕಟ್-ಆಫ್ ಎಚ್ಚರಾಗುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಬರಿದಾಗಿರುತ್ತದೆ. ತುಂಬಿದ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟದು; ಪೂರ್ತಿ ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬಿ ಒಡೆಯಬಹುದು. ಬಾನೆಟ್ಟಿನ ಮೇಲಿನ ಗೀರಿನ ಸಾಕ್ಷಿಗಾಗಿ, ಕಾರು ಚಾಲೂ ಆಗದೆ ಮಕ್ಕಳನ್ನು ಹಿಮದಲ್ಲಿ ನಿಲ್ಲಿಸುವುದು ಯಾವ ಬುದ್ಧಿ?

ಬೈದೆನೆಂದು ಬೇಸರಿಸಬೇಡಪ್ಪಾ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿಗೆ ವೈರು ಕೊಡಿಸು. ಪಾರ್ಕಿಂಗ್ ರೆಕಾರ್ಡಿಂಗ್ ಬೇಕೇ ಬೇಕೆಂದರೆ ಕಟ್-ಆಫ್ 12.4ಕ್ಕೆ ಏರಿಸು, ಅದೂ ಮಾರ್ಚ್ ಕಳೆದ ಮೇಲೆ. ಫ್ಯೂಸಿನ ಬದಲು ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವುದಾದರೆ ಎಚ್ಚರ: ಕೆಲವು ಕಾರುಗಳಲ್ಲಿ ಅದಕ್ಕೆ ಕೀ ತೆಗೆದ ಮೇಲೂ ಕರೆಂಟು ಇರುತ್ತದೆ. ಕ್ಯಾಮೆರಾ ಹಾಕಿಸಿದ ದಿನ ಸಂಜೆ ಕಾರು ಆರಿಸಿ, ಅದರ ದೀಪ ಆರಿತೋ ಇಲ್ಲವೋ ನೋಡಿ ನನಗೆ ತಿಳಿಸು.