ಮನೆಗೆ ಬರುವ ರೋಗಿಗಾಗಿ ಪಡಸಾಲೆಯ ಸಿದ್ಧತೆ

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ರೋಗಿಗೂ ಮನೆಯವರಿಗೂ ಸಂತೋಷದ ದಿನ. ಆದರೆ ಲಕ್ವ ಹೊಡೆದವರಿಗೆ, ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಆದವರಿಗೆ, ವಯಸ್ಸಾಗಿ ನಿಶ್ಶಕ್ತರಾದವರಿಗೆ ಆರೈಕೆ ಆ ದಿನಕ್ಕೆ ಮುಗಿಯುವುದಿಲ್ಲ. ಮುಂದಿನ ವಾರಗಳನ್ನು ಅವರು ಕಳೆಯುವುದು ಮನೆಯಲ್ಲಿ. ನಮ್ಮ ಹೆಚ್ಚಿನ ಮನೆಗಳಲ್ಲಿ ರೋಗಿಗೆಂದು ಬೇರೆ ಕೋಣೆ ಇರುವುದಿಲ್ಲ. ಮಂಚ ಹಾಕುವುದು ಪಡಸಾಲೆಯಲ್ಲಿಯೇ. ಅದೇ ಪಡಸಾಲೆಯಲ್ಲಿ ಟಿ.ವಿ., ತಿಜೋರಿ, ಹೊಲಿಗೆ ಯಂತ್ರ, ಜೋಳದ ಚೀಲ, ಮಕ್ಕಳ ಪುಸ್ತಕ, ಬಂದವರಿಗೆ ಕುರ್ಚಿ ಎಲ್ಲವೂ ಇರುತ್ತವೆ. ಈ ಇಕ್ಕಟ್ಟಿನಲ್ಲಿ ರೋಗಿ ಒಮ್ಮೆ ಎಡವಿ ಬಿದ್ದರೆ ಮಾಡಿದ ಚಿಕಿತ್ಸೆಯೆಲ್ಲ ವ್ಯರ್ಥವಾಗಬಹುದು. ಹೆಚ್ಚು ಖರ್ಚಿಲ್ಲದೆ, ಇರುವ ಸಾಮಾನುಗಳನ್ನೇ ಸರಿಯಾಗಿ ಜೋಡಿಸಿ ಇದನ್ನು ತಪ್ಪಿಸಬಹುದು. ರೋಗಿ ಮನೆಗೆ ಬರುವ ಮೊದಲೇ ಈ ಕೆಲಸ ಮುಗಿಸಿರಿ.

1. ಮೊದಲು ಅಳತೆ ಮಾಡಿರಿ

ನಿಮ್ಮ ಪಡಸಾಲೆ 10 ಅಡಿ ಅಗಲ, 12 ಅಡಿ ಉದ್ದ ಇದೆ ಎಂದುಕೊಳ್ಳೋಣ. ಒಬ್ಬರು ಮಲಗುವ ಮಂಚಕ್ಕೆ ಸುಮಾರು 3 ಅಡಿ ಅಗಲ, ಆರೂವರೆ ಅಡಿ ಉದ್ದ ಬೇಕು. ವಾಕರ್ ಹಿಡಿದು ನಡೆಯಲು ಅಥವಾ ಗಾಲಿಕುರ್ಚಿ ತಳ್ಳಲು 3 ಅಡಿ ದಾರಿ ಬೇಕು. ಮಂಚವನ್ನು ಉದ್ದನೆಯ ಗೋಡೆಗೆ ಸಮನಾಗಿ ಹಾಕಿ, ಗೋಡೆಗೂ ಮಂಚಕ್ಕೂ ನಡುವೆ 2 ಅಡಿ ಬಿಟ್ಟರೂ, ಮುಂದೆ 3 ಅಡಿ ದಾರಿ ಮತ್ತು ಎದುರಿನ ಗೋಡೆಗೆ ಕುರ್ಚಿ ಇಡಲು 2 ಅಡಿ ಉಳಿಯುತ್ತದೆ. ಅಂದರೆ ಚಿಕ್ಕ ಪಡಸಾಲೆಯೂ ಸಾಕಾಗುತ್ತದೆ. ಆದರೆ ಆ ದಾರಿಯಲ್ಲಿ ಬೇರೆ ಏನೂ ಇರಬಾರದು.

ಸೀಮೆಸುಣ್ಣದಿಂದ ನೆಲದ ಮೇಲೆ ಮಂಚದ ಗುರುತು ಹಾಕಿ, ಮಂಚದಿಂದ ಬಚ್ಚಲಿನವರೆಗೆ ನೀವೇ ಒಮ್ಮೆ ನಡೆದು ನೋಡಿರಿ. ಎಲ್ಲೆಲ್ಲಿ ಮೈ ಓರೆ ಮಾಡಬೇಕಾಗುತ್ತದೆಯೋ ಅಲ್ಲಿಯ ಸಾಮಾನನ್ನು ತೆಗೆಯಿರಿ. ಜೋಳದ ಚೀಲ, ಟ್ರಂಕು ಮುಂತಾದವುಗಳನ್ನು ಕೆಲ ತಿಂಗಳ ಮಟ್ಟಿಗೆ ಬೇರೆ ಕಡೆ ಇಡಿರಿ. ಗಾಲಿಕುರ್ಚಿ ತರುವುದಿದ್ದರೆ ಕೊಳ್ಳುವ ಮೊದಲು ಬಾಗಿಲಿನ ಅಗಲವನ್ನು ಅಳೆಯಿರಿ.

2. ಮಂಚ

ಮಂಚದಿಂದ ಬಾಗಿಲು ಕಾಣುವಂತಿರಲಿ. ಯಾರು ಬಂದರು, ಯಾರು ಹೋದರು ಎಂದು ಕಾಣುತ್ತಿದ್ದರೆ ರೋಗಿಗೆ ಒಂಟಿತನ ಕಡಿಮೆ. ಮಂಚದ ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರಬೇಕು. ಹಾಸಿಗೆ ಸೇರಿ 18ರಿಂದ 20 ಅಂಗುಲ ಎತ್ತರ ಬಹಳ ಜನರಿಗೆ ಸರಿಹೋಗುತ್ತದೆ. ಸೊಂಟದ ಕೀಲು ಬದಲಿಸಿದವರು ಕುಳಿತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಆದ್ದರಿಂದ ಅವರಿಗೆ ತಗ್ಗಿನ ಮಂಚ, ಮಣೆ, ನೆಲದ ಹಾಸಿಗೆ ಬೇಡ. ಹೊರಸು ನಡುವೆ ಜೋಲುವುದರಿಂದ ಏಳುವುದು ಕಷ್ಟ. ಬೇರೆ ಮಂಚವಿಲ್ಲದಿದ್ದರೆ ಅದರ ಮೇಲೆ ಗಟ್ಟಿ ಹಲಗೆ ಹಾಕಿರಿ.

ತಾವಾಗಿ ಹೊರಳಲಾಗದ ರೋಗಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಆಗುತ್ತದೆ. ಗೋಡೆಯ ಕಡೆ 2 ಅಡಿ ಬಿಡಲು ಹೇಳಿದ್ದು ಇದೇ ಕಾರಣಕ್ಕೆ. ಎರಡೂ ಕಡೆಯಿಂದ ಕೈ ಕೊಟ್ಟರೆ ಹೊರಳಿಸುವವರ ಬೆನ್ನಿಗೂ ನೋವಾಗದು.

ಲಕ್ವದ ರೋಗಿಗಳಲ್ಲಿ ಸಾಮಾನ್ಯವಾಗಿ ಬಲವಿರುವ ಕಡೆಯಿಂದ ಎದ್ದು ಇಳಿಯುವುದು ಸುಲಭ. ಆದರೆ ಕೆಲವರಿಗೆ ಸೋತ ಕಡೆಯ ಅರಿವೇ ಇರುವುದಿಲ್ಲ. ಅಂಥವರನ್ನು ಆ ಕಡೆಯಿಂದ ಮಾತನಾಡಿಸುವುದು ಒಳ್ಳೆಯದು. ನಿಮ್ಮ ರೋಗಿಗೆ ಯಾವ ಮಗ್ಗುಲು ತೆರೆದಿರಬೇಕೆಂದು ಫಿಜಿಯೋಥೆರಪಿಯವರನ್ನು ಕೇಳಿ ಮಂಚ ಹಾಕಿರಿ.

3. ಕೈಗೆ ಎಟುಕುವಂತೆ

ಬಹಳಷ್ಟು ಜನ ಬೀಳುವುದು ಸಣ್ಣ ವಸ್ತುವಿಗಾಗಿ ಎದ್ದಾಗ. ಮಂಚದ ಪಕ್ಕ, ಬಲವಿರುವ ಕೈಯ ಕಡೆ, ಅಲುಗಾಡದ ಒಂದು ಸ್ಟೂಲು ಇಡಿರಿ. ಅದರ ಮೇಲೆ ನೀರು, ಕನ್ನಡಕ, ಟಾರ್ಚು, ಮೊಬೈಲು ಮತ್ತು ಕರೆಯಲು ಒಂದು ಗಂಟೆ ಇರಲಿ. ಗಂಟೆ ಇಲ್ಲದಿದ್ದರೆ ಸ್ಟೀಲ್ ಲೋಟ, ಚಮಚವೂ ಆದೀತು. ಊರುಗೋಲು ಅಥವಾ ವಾಕರ್ ಮಂಚದಿಂದ ಇಳಿಯದೆ ಸಿಗುವಂತಿರಲಿ. ಔಷಧಿಗಳನ್ನು ಮಾತ್ರ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಮನೆಯವರೇ ಕೊಡಿರಿ.

4. ನೆಲ ಮತ್ತು ಹೊಸ್ತಿಲು

ಹಾಸಿದ ಚಾಪೆ, ಜಮಖಾನ, ಕಾಲೊರೆಸುವ ಗೋಣಿತಟ್ಟು ಎಲ್ಲವನ್ನೂ ನಡೆಯುವ ದಾರಿಯಿಂದ ತೆಗೆಯಿರಿ. ಶಹಾಬಾದ್ ಕಲ್ಲು, ಟೈಲ್ಸ್ ಹಾಕಿದ ನೆಲ ಒದ್ದೆಯಾದಾಗ ಜಾರುತ್ತದೆ. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವವರೆಗೆ ರೋಗಿಯನ್ನು ನಡೆಸಬೇಡಿರಿ. ವೈರುಗಳನ್ನು ಗೋಡೆಯ ಗುಂಟ ಒಯ್ಯಿರಿ.

ಹೊಸ್ತಿಲನ್ನು ನಾವು ಪೂಜಿಸುತ್ತೇವೆ, ಅದನ್ನು ತೆಗೆಯಬೇಕಾಗಿಲ್ಲ. ಮಸುಕು ಕಣ್ಣಿಗೂ ಕಾಣುವಂತೆ ಅದರ ಅಂಚಿಗೆ ಹಳದಿ ಅಥವಾ ಬಿಳಿ ಬಣ್ಣದ ಪಟ್ಟಿ ಬಳಿಯಿರಿ. ಗಾಲಿಕುರ್ಚಿ ದಾಟಿಸಲು ಹಲಗೆ ಇಡುವುದಾದರೆ 1 ಅಂಗುಲ ಎತ್ತರಕ್ಕೆ 1 ಅಡಿ ಉದ್ದದ ಲೆಕ್ಕ ಹಿಡಿಯಿರಿ; 4 ಅಂಗುಲದ ಹೊಸ್ತಿಲಿಗೆ 4 ಅಡಿ ಉದ್ದದ ಇಳಿಜಾರು ಬೇಕು. ಇದಕ್ಕಿಂತ ಗಿಡ್ಡವಾದ ಹಲಗೆ ಕಡಿದಾಗಿ, ಕುರ್ಚಿ ಹಿಂದಕ್ಕೆ ಮಗುಚಬಹುದು.

5. ಬೆಳಕು, ಗಾಳಿ, ಹೊಗೆ

ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಹಗಲು ಕಿಟಕಿ ತೆರೆದಿಡಿರಿ. ದಮ್ಮು, ಕೆಮ್ಮು ಇರುವವರ ಹತ್ತಿರ ಊದಿನಕಡ್ಡಿ, ಧೂಪ, ಸೊಳ್ಳೆ ಬತ್ತಿ ಹಚ್ಚಬೇಡಿರಿ. ಸೊಳ್ಳೆ ಪರದೆ ಕಟ್ಟಿರಿ. ಮನೆಯಲ್ಲಿ ಆಮ್ಲಜನಕ ಕೊಡುತ್ತಿದ್ದರೆ ದೇವರ ದೀಪ, ಒಲೆ, ಬೀಡಿ ಯಾವುದೇ ಬೆಂಕಿ 10 ಅಡಿ ಒಳಗೆ ಬರಬಾರದು. ಚಿಕ್ಕ ಮನೆಯಲ್ಲಿ ದೀಪವನ್ನು ಒಳಕೋಣೆಗೆ ಒಯ್ಯುವುದೇ ಸರಿ.

6. ಕುರ್ಚಿ

ದಿನವಿಡೀ ಮಲಗಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಸ್ನಾಯು ಸೊರಗುತ್ತವೆ. ವೈದ್ಯರು ಹೇಳಿದ ಮೇಲೆ ದಿನಕ್ಕೆ ಹಲವು ಸಲ ಕುರ್ಚಿಯಲ್ಲಿ ಕೂರಿಸಿರಿ. ಕೈ ಊರಿ ಏಳಲು ಎರಡೂ ಕಡೆ ತೋಳುಗಳಿರುವ ಗಟ್ಟಿ ಕುರ್ಚಿ ಬೇಕು. ಮೆತ್ತನೆಯ ಸೋಫಾ ಬೇಡ. ಹಗುರ ಪ್ಲಾಸ್ಟಿಕ್ ಕುರ್ಚಿಯಾದರೆ ಹಿಂದೆ ಸರಿಯದಂತೆ ಗೋಡೆಗೆ ಒತ್ತಿ ಇಡಿರಿ. ಊಟ ಮಾಡುವಾಗ ರೋಗಿ ನೆಟ್ಟಗೆ ಕುಳಿತಿರಬೇಕು, ಊಟದ ನಂತರವೂ ಅರ್ಧ ಗಂಟೆ ಮಲಗಿಸಬಾರದು. ನುಂಗಲು ತೊಂದರೆ ಇರುವವರಿಗೆ ಇದು ಬಹಳ ಮುಖ್ಯ.

7. ಬಂದು ಹೋಗುವವರು ಮತ್ತು ರೋಗಿಯ ಮರ್ಯಾದೆ

ಮಾತನಾಡಿಸಲು ಬಂದವರಿಗೆ ಎರಡು ಕುರ್ಚಿ ಸಾಕು. ಕುರ್ಚಿ ಕಡಿಮೆ ಇದ್ದರೆ ಗುಂಪೂ ಕಡಿಮೆ. ಮಂಚದ ಸುತ್ತ ಒಂದು ತಂತಿ ಎಳೆದು ಹಳೆಯ ಸೀರೆಯ ಪರದೆ ಕಟ್ಟಿರಿ. ಬಟ್ಟೆ ಬದಲಿಸುವಾಗ, ಬೆಡ್‌ಪ್ಯಾನ್ ಕೊಡುವಾಗ ಅದನ್ನು ಎಳೆಯಿರಿ. ನಾಚಿಕೆಗೆ ಅಂಜಿ ನೀರು ಕುಡಿಯುವುದನ್ನೇ ಬಿಡುವ ಹಿರಿಯರಿದ್ದಾರೆ. ಇದರಿಂದ ಮಲಬದ್ಧತೆ, ಮೂತ್ರದ ಸೋಂಕು ಹೆಚ್ಚುತ್ತವೆ. ಒಂದು ಪರದೆಯಿಂದ ಆ ಸಂಕೋಚ ಎಷ್ಟೋ ಕಡಿಮೆಯಾಗುತ್ತದೆ.

ರಾತ್ರಿ ಜೊತೆಗೆ ಮಲಗುವವರು ನಡೆಯುವ ದಾರಿಯಲ್ಲಿ ಹಾಸಿಕೊಳ್ಳಬಾರದು. ಕತ್ತಲಲ್ಲಿ ಎದ್ದ ರೋಗಿ ಅವರನ್ನೇ ಎಡವುತ್ತಾರೆ. ಮಂಚದ ಕಾಲ್ಗಡೆ, ದಾರಿ ಬಿಟ್ಟು ಮಲಗಿರಿ. ಆರೈಕೆ ಮಾಡುವವರಿಗೂ ನಿದ್ದೆ ಬೇಕು. ಮನೆಯಲ್ಲಿ ಇಬ್ಬರು ಮೂವರಿದ್ದರೆ ಪಾಳಿ ಹಾಕಿಕೊಳ್ಳಿರಿ.

ಬಿಡುಗಡೆಗೆ ಮೊದಲು ನಿಮ್ಮ ಪಡಸಾಲೆಯ ನಕ್ಷೆಯನ್ನು ಒಂದು ಕಾಗದದ ಮೇಲೆ ಬರೆದು ತನ್ನಿರಿ. ಬಾಗಿಲು, ಕಿಟಕಿ, ಬಚ್ಚಲಿನ ದಾರಿ ಅದರಲ್ಲಿರಲಿ. ಅದನ್ನು ವಾರ್ಡಿನ ದಾದಿಯರಿಗೂ ಫಿಜಿಯೋಥೆರಪಿಯವರಿಗೂ ತೋರಿಸಿ, ಮಂಚ ಎಲ್ಲಿ ಹಾಕಬೇಕೆಂದು ಕೇಳಿರಿ. ರೋಗಿಯನ್ನೂ ಕೇಳಲು ಮರೆಯದಿರಿ. ಆ ಪಡಸಾಲೆಯಲ್ಲಿ ಮುಂದಿನ ದಿನಗಳನ್ನು ಕಳೆಯಬೇಕಾದವರು ಅವರೇ.